ಜಿಎಫ್‌ಪಿಯನ್ನು ಯಾವ ತುದಿಗೆ ಜೋಡಿಸಬೇಕು? ಪೆರಾಕ್ಸಿಸೋಮ್ ಕಿಣ್ವದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಎಂಎಸ್ಸಿ ಪ್ರಾಜೆಕ್ಟ್‌ಗಾಗಿ ಮನುಷ್ಯರ ಎಜಿಟಿ ಕಿಣ್ವದ (ಗ್ಲೈಆಕ್ಸಿಲೇಟನ್ನು ಗ್ಲೈಸಿನ್ ಮಾಡುವ ಕಿಣ್ವ) ಜೀನನ್ನು, ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಜೀನಿರುವ ಪಿಇಜಿಎಫ್‌ಪಿ-ಎನ್1 ವೆಕ್ಟರ್‌ಗೆ (ಜೀನನ್ನು ಕೋಶಕ್ಕೆ ಒಯ್ಯುವ ಡಿಎನ್‌ಎ) ಸೇರಿಸಿ, ಲ್ಯಾಬ್‌ನಲ್ಲಿ ಬೆಳೆಸುವ ಹೀಲಾ ಕೋಶಗಳಿಗೆ ಕೊಟ್ಟಿದ್ದೇನೆ. ಪೆರಾಕ್ಸಿಸೋಮ್‌ಗಳಲ್ಲಿ (ಕೋಶದೊಳಗಿನ ಪುಟ್ಟ ಚೀಲಗಳು) ಚುಕ್ಕೆ ಚುಕ್ಕೆಯಾಗಿ ಕಾಣಬೇಕಿದ್ದ ಹಸಿರು 24 ಗಂಟೆ ಕಳೆದರೂ ಕೋಶದ ತುಂಬ ಹರಡಿಕೊಂಡಿದೆ. ಟ್ರಾನ್ಸ್‌ಫೆಕ್ಷನ್ (ಕೋಶಕ್ಕೆ ಜೀನ್ ಸೇರಿಸುವುದು) ಕೆಟ್ಟಿತೇ?

ಉತ್ತರ: ಕೆಟ್ಟಿದ್ದರೆ ಹಸಿರೇ ಕಾಣುತ್ತಿರಲಿಲ್ಲ. ತೊಂದರೆ ವೆಕ್ಟರ್‌ನದು. ಎಜಿಟಿಯ ವಿಳಾಸ ಇರುವುದು ಬಾಲದ ತುದಿಯಲ್ಲಿ: 392 ಅಮೈನೊ ಆಮ್ಲಗಳ ಪೈಕಿ ಕೊನೆಯ ಮೂರು, ಲೈಸಿನ್-ಲೈಸಿನ್-ಲ್ಯೂಸಿನ್. ಅದು ಕಟ್ಟಕಡೆಯಲ್ಲಿದ್ದರೆ ಮಾತ್ರ ಪೆಕ್ಸ್5 ಎಂಬ ಪ್ರೋಟೀನ್ ಹಿಡಿದು ಪೆರಾಕ್ಸಿಸೋಮ್‌ಗೆ ಒಯ್ಯುತ್ತದೆ. ಎನ್1ರಲ್ಲಿ ಜಿಎಫ್‌ಪಿ ಆ ತುದಿಗೇ ಅಂಟಿಕೊಳ್ಳುತ್ತದೆ. ಪಿಇಜಿಎಫ್‌ಪಿ-ಸಿ1 ವೆಕ್ಟರ್ ಬಳಸಿ, ಅದರಲ್ಲಿ ಜಿಎಫ್‌ಪಿ ಮೊದಲು, ನಿಮ್ಮ ಜೀನ್ ಆಮೇಲೆ. ಜೀನನ್ನು ನಕಲು ಮಾಡಲು ಬಳಸುವ ರಿವರ್ಸ್ ಪ್ರೈಮರ್‌ನಲ್ಲಿ ಜೀನಿನ ಸ್ವಂತ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತೆನ್ನುವ ಸಂಕೇತ) ಇರಲೇಬೇಕು. ಬಿಟ್ಟರೆ ವೆಕ್ಟರ್‌ನ ಅಮೈನೊ ಆಮ್ಲಗಳು ಬಾಲಕ್ಕೆ ಸೇರಿ ಮತ್ತೆ ಇದೇ ಗತಿ.

ಈಗಿರುವ ಸ್ಲೈಡಿನಲ್ಲೇ ನ್ಯೂಕ್ಲಿಯಸ್ ಗಮನಿಸಿ. ಎಜಿಟಿ 43, ಜಿಎಫ್‌ಪಿ 27, ಒಟ್ಟು 70 ಕಿಲೋಡಾಲ್ಟನ್. ಇಷ್ಟು ದೊಡ್ಡದು ನ್ಯೂಕ್ಲಿಯಸ್ ರಂಧ್ರದಲ್ಲಿ ತಾನಾಗಿ ಸುಲಭಕ್ಕೆ ನುಸುಳದು. ಅಲ್ಲೂ ಹಸಿರಿದ್ದರೆ ಜಿಎಫ್‌ಪಿ ತುಂಡಾಗಿರುವ ಅನುಮಾನ; ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವ ಪರೀಕ್ಷೆ) 27ರ ಹತ್ತಿರ ಬ್ಯಾಂಡ್ ಇದೆಯೇ ನೋಡಿ. ಹೊಸ ಪ್ರಯೋಗದಲ್ಲಿ ಅತಿಯಾಗಿ ಹೊಳೆಯುವ ಕೋಶಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪ್ರೋಟೀನ್ ವಿಪರೀತ ತಯಾರಾದರೆ ಪೆಕ್ಸ್5 ಸಾಲದೆ ಉಳಿದದ್ದು ಕೋಶದ ದ್ರವಭಾಗವಾದ ಸೈಟೊಸಾಲ್‌ನಲ್ಲೇ ನಿಲ್ಲುತ್ತದೆ.

ಮರುಪ್ರಶ್ನೆ: ಪ್ರೈಮರಿ ಹೈಪರಾಕ್ಸಲೂರಿಯಾದ (ಎಜಿಟಿ ಕೆಟ್ಟು ಆಕ್ಸಲೇಟ್ ಹೆಚ್ಚುವ ಆನುವಂಶಿಕ ಕಾಯಿಲೆ) ಮ್ಯುಟೇಶನ್‌ಗಳನ್ನೂ ಸಿ1ರಲ್ಲೇ ಮಾಡಬಹುದೇ? ಅಲ್ಲದೆ, ಕಿಣ್ವ ಕೆಲಸ ಮಾಡುತ್ತಿದ್ದರೆ ಎಲ್ಲಿದ್ದರೇನು?

ಉತ್ತರ: ಎರಡನೆಯದು ಮೊದಲು. ಗ್ಲೈಆಕ್ಸಿಲೇಟ್ ಹುಟ್ಟುವ ಜಾಗಗಳಲ್ಲಿ ಪೆರಾಕ್ಸಿಸೋಮ್ ಮುಖ್ಯ. ಎಜಿಟಿ ಅದನ್ನು ಅಲ್ಲೇ ಗ್ಲೈಸಿನ್ ಮಾಡದಿದ್ದರೆ ಅದು ಸೈಟೊಸಾಲ್‌ಗೆ ಹೋಗಿ ಆಕ್ಸಲೇಟ್ ಆಗುತ್ತದೆ. ಮುಂದೆ ಮೂತ್ರಪಿಂಡದಲ್ಲಿ ಕಲ್ಲು. ಮೈಟೊಕಾಂಡ್ರಿಯಾದಲ್ಲಿ ಕೂತ ಎಜಿಟಿ ಎಷ್ಟೇ ಚುರುಕಾಗಿದ್ದರೂ ಈ ಕೆಲಸಕ್ಕೆ ಒದಗದು. 11ನೇ ಪ್ರೋಲಿನ್ ಲ್ಯೂಸಿನ್ ಆದರೆ ತಲೆಯ ತುದಿಯಲ್ಲಿ ಮೈಟೊಕಾಂಡ್ರಿಯಾದ ದುರ್ಬಲ ಸಂಕೇತ ಹುಟ್ಟುತ್ತದೆ. ಅದೊಂದರಿಂದ ದಾರಿ ತಪ್ಪುವುದು ಸುಮಾರು 5% ಮಾತ್ರ. ಜೊತೆಗೆ 170ನೇ ಗ್ಲೈಸಿನ್ ಆರ್ಜಿನಿನ್ ಆದರೆ ಸುಮಾರು 90%! ಕಾರಣ, ಎಜಿಟಿ ಮಡಚಿ ಎರಡೆರಡಾಗಿ ಜೋಡಿಯಾಗುವುದು ನಿಧಾನವಾಗುತ್ತದೆ. ಮಡಚಿಕೊಂಡ ಪ್ರೋಟೀನನ್ನು ಪೆರಾಕ್ಸಿಸೋಮ್ ಒಳಗೆ ಬಿಟ್ಟುಕೊಳ್ಳುತ್ತದೆ, ಮೈಟೊಕಾಂಡ್ರಿಯಾ ಬಿಟ್ಟುಕೊಳ್ಳದು.

ಹಾಗಾಗಿ ಇಲ್ಲಿ ಸಿ1 ಬೇಡ, ಜಿಎಫ್‌ಪಿ ತಲೆಯ ಸಂಕೇತವನ್ನು ಮುಚ್ಚಿಬಿಡುತ್ತದೆ. ಎರಡೂ ತುದಿ ಖಾಲಿ ಬಿಟ್ಟು ಎಜಿಟಿ ಆಂಟಿಬಾಡಿ ಬಳಸಿ. ಇದು ಮುಖ್ಯವಾಗಿ ಯಕೃತ್ತಿನ ಕಿಣ್ವವಾದ್ದರಿಂದ ಹೀಲಾದಲ್ಲಿ ಹಿನ್ನೆಲೆಯ ಕಾಟ ಕಡಿಮೆ. ಮೈಟೊಕಾಂಡ್ರಿಯಾ ತೋರಿಸುವ ಬಣ್ಣ ಮೈಟೊಟ್ರ್ಯಾಕರ್ ರೆಡ್ 100 ನ್ಯಾನೊಮೋಲಾರ್, 30 ನಿಮಿಷ, ಜೀವಂತ ಕೋಶಗಳಿಗೇ ಕೊಡಿ. ಆಮೇಲೆ ಕೋಶಗಳನ್ನು ಸ್ಥಿರಗೊಳಿಸಲು 4% ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ನಂತರ ಪೊರೆಗಳನ್ನು ತೆರೆಯಲು 0.1% ಟ್ರೈಟಾನ್ 10 ನಿಮಿಷ. ಇನ್ನೊಂದು ಕವರ್‌ಸ್ಲಿಪ್‌ನಲ್ಲಿ ಪೆರಾಕ್ಸಿಸೋಮ್‌ಗೆ ಅಲ್ಲಿನ ಕಿಣ್ವವಾದ ಕ್ಯಾಟಲೇಸ್ ಗುರುತು ಇರಲಿ. ಟ್ರೈಟಾನ್ ಬದಲು ಕಡಿಮೆ ಡಿಜಿಟೋನಿನ್ ಹಾಕಿದರೆ ಕೋಶದ ಹೊರಪೊರೆ ಮಾತ್ರ ತೆರೆಯುತ್ತದೆ. ಒಳಗಿನ ಎಜಿಟಿಗೆ ಆಂಟಿಬಾಡಿ ತಲುಪದೆ ಪ್ರೋಟೀನೇ ಇಲ್ಲವೇನೋ ಎನಿಸುತ್ತದೆ.