ಇಂಗ್ಲಿಷ್‌ನಲ್ಲಿ ಕ್ಯಾಪಿಟಲ್ ಎಲ್ಲೆಲ್ಲಿ ಹಾಕಬೇಕು? ನಿಮ್ಮ ಅನುಭವ ಹೇಳ್ರಿ

ನಾನು ಕಲಬುರಗಿಯವಳು. ಹತ್ತನೇ ತನಕ ಕನ್ನಡ ಮೀಡಿಯಂ. ಈಗ ಕೆಲಸದಲ್ಲಿ ದಿನಾ ನಾಲ್ಕೈದು ಇಂಗ್ಲಿಷ್ ಮೇಲ್ ಬರೆಯಬೇಕು. ಮೊನ್ನೆ ನಮ್ಮ ಸಾಹೇಬರು ನನ್ನದೊಂದು ಪತ್ರದಲ್ಲಿ ಹನ್ನೊಂದು ಕಡೆ ಕೆಂಪು ಸುತ್ತು ಹಾಕಿ ಕೊಟ್ಟರು, ಎಲ್ಲಾ ಕ್ಯಾಪಿಟಲ್ ತಪ್ಪೇ! ವಾಕ್ಯದ ಶುರುವಿಗೆ, ಜನರ ಹೆಸರಿಗೆ ಹಾಕಬೇಕು ಅಂತ ಗೊತ್ತು. ಮಿಕ್ಕಿದ್ದು ನೀವು ಹೇಗೆ ಕಲಿತಿರಿ?

ಬೀದರ್‌ನಿಂದ:
ಅಕ್ಕಾ, ನಾನೂ ವರ್ಷಗಟ್ಟಲೆ ಇದೇ ತಪ್ಪು ಮಾಡಿದವನು. ನಮ್ಮ ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲ, ಮರಾಠಿಯಲ್ಲಿಲ್ಲ, ಮನೆ ಪಕ್ಕದವರ ಉರ್ದುವಿನಲ್ಲೂ ಇಲ್ಲ, ಹಾಗಾಗಿ ನಾನು ಕ್ಯಾಪಿಟಲ್ ಅಂದರೆ ಮರ್ಯಾದೆ ಕೊಡೋದು ಅಂದುಕೊಂಡುಬಿಟ್ಟಿದ್ದೆ. ಮ್ಯಾನೇಜರ್, ಆಫೀಸ್, ಸ್ಯಾಲರಿ, ದೊಡ್ಡದು ಅನ್ನಿಸಿದ್ದಕ್ಕೆಲ್ಲ ದೊಡ್ಡಕ್ಷರ. ಆದರೆ ನೋಡಿ, ಇಂಗ್ಲಿಷ್‌ನಲ್ಲಿ ನಾನು ಅನ್ನುವ 'ಐ' ಯಾವಾಗಲೂ ಕ್ಯಾಪಿಟಲ್, ನೀವು ಅನ್ನುವ 'ಯು' ಸಣ್ಣದು. ನಮ್ಮ ಮರ್ಯಾದೆಯ ಲೆಕ್ಕಕ್ಕೆ ಪೂರ್ತಿ ಉಲ್ಟಾ, ಅಲ್ವಾ?
ಈಗ ನಾನು ಕೇಳಿಕೊಳ್ಳೋದು ಒಂದೇ: ಇದು ಆ ಒಂದಕ್ಕೇ ಇಟ್ಟ ಹೆಸರಾ, ಇಲ್ಲಾ ಅಂಥವಕ್ಕೆಲ್ಲ ಹೇಳುವ ಮಾತಾ? 'ಬೀದರ್ ಫೋರ್ಟ್' ಅಂದರೆ ಬಿ, ಎಫ್ ಎರಡೂ ಕ್ಯಾಪಿಟಲ್. ಬರೀ 'ಕೋಟೆಗೆ ಹೋಗಿದ್ದೆವು' ಅಂತ ಬರೆಯುವಾಗ ಫೋರ್ಟ್‌ನ ಎಫ್ ಸಣ್ಣದು, ಕೋಟೆ ಅದೇ ಇದ್ದರೂ.

ಯಾದಗಿರಿಯಿಂದ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ:
ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕೂ ಸಿಗದವು ಒಂದಿಷ್ಟಿವೆ. ವಾರ, ತಿಂಗಳಿಗೆ ಕ್ಯಾಪಿಟಲ್. ಕಾಲಗಳಿಗೆ ಇಲ್ಲ. ನಮ್ಮೂರ ಬಿಸಿಲು ಎಷ್ಟೇ ದೊಡ್ಡದಿರಲಿ, ಸಮ್ಮರ್‌ನ ಎಸ್ ಸಣ್ಣದೇ! ಭಾಷೆಗಳಿಗೆ ಹಾಕಬೇಕು: ಕನ್ನಡ, ಉರ್ದು, ಇಂಗ್ಲಿಷ್. ಸೈನ್ಸ್, ಮ್ಯಾಥ್ಸ್ ಅಂತ ಸುಮ್ನೆ ವಿಷಯ ಹೇಳುವಾಗ ಬೇಡ. ದಿಕ್ಕು ಅಂದರೆ ನಾರ್ತ್ ಸಣ್ಣದು, ಆದರೆ ನಾರ್ತ್ ಕರ್ನಾಟಕ ಅಂತ ಪ್ರದೇಶದ ಹೆಸರಾದಾಗ ದೊಡ್ಡದು. 2019ರಲ್ಲಿ ಹೊಸ ಹೆಸರು ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಹಾಗೇ, ಎರಡೂ ಪದಕ್ಕೆ.

ಶಹಾಬಾದ್‌ನಿಂದ:
ಫೋನ್ ನಂಬಬೇಡ್ರಿ. ಮೊಟಕು ಮಾಡಿದ ಪದದ ಕೊನೆಯ ಚುಕ್ಕೆ ಕಂಡರೂ ವಾಕ್ಯ ಮುಗಿಯಿತು ಅಂದುಕೊಂಡು ಮುಂದಿನ ಪದಕ್ಕೆ ತಾನೇ ಕ್ಯಾಪಿಟಲ್ ಹಾಕುತ್ತದೆ.

ಕಲಬುರಗಿಯಿಂದ, ಮೊದಲು ಪ್ರಿಂಟಿಂಗ್ ಪ್ರೆಸ್‌ನಲ್ಲಿದ್ದೆ:
ಪೂರ್ತಿ ಮೇಲ್ ಕ್ಯಾಪಿಟಲ್‌ನಲ್ಲಿ ಬರೆಯಬೇಡಿ ತಂಗಿ, ಓದುವವರಿಗೆ ಬೈದಂತೆ ಅನ್ನಿಸುತ್ತದೆ. ಅದು ಬ್ಯಾಂಕಿನ ಫಾರಂ ತುಂಬೋದಕ್ಕೆ ಇರಲಿ. ಅಂದಹಾಗೆ ಅಪ್ಪರ್ ಕೇಸ್, ಲೋಯರ್ ಕೇಸ್ ಅನ್ನುವ ಮಾತು ನಮ್ಮ ಕಸುಬಿನಿಂದ ಬಂದದ್ದು. ಇಂಗ್ಲಿಷ್ ಮೊಳೆ, ಅಂದರೆ ಅಚ್ಚಿನ ಅಕ್ಷರದ ತುಂಡುಗಳನ್ನು, ಜೋಡಿಸುವಾಗ ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲಿ, ಸಣ್ಣವನ್ನು ಕೆಳಗಿನದರಲ್ಲಿ ಇಡುತ್ತಿದ್ದರು.

ಕೇಳಿದವಳು:
ಎಲ್ಲರಿಗೂ ಥ್ಯಾಂಕ್ಸ್. ಪತ್ರ ಮತ್ತೆ ತೆಗೆದು ನೋಡಿದೆ. ಹನ್ನೊಂದರಲ್ಲಿ ಎಂಟು ಬೀದರ್ ಅಣ್ಣ ಹೇಳಿದ ಮರ್ಯಾದೆ ತಪ್ಪುಗಳು. ಎರಡು ಭಾಷೆಯವು. ಇನ್ನೊಂದು ತಿಳೀಲಿಲ್ಲ, ಕೊನೆಗೆ 'ಯುವರ್ಸ್ ಫೇತ್‌ಫುಲಿ' ಅಂತ ಬರೆದಲ್ಲಿ ಎಫ್‌ಗೆ ಸುತ್ತು ಹಾಕಿದ್ದಾರೆ.

ಯಾದಗಿರಿಯಿಂದ:
ಅಲ್ಲಿ ವೈ ಮಾತ್ರ ಕ್ಯಾಪಿಟಲ್ ಮೇಡಂ, ಎಫ್ ಸಣ್ಣದು. ಮೇಲೆ 'ಡಿಯರ್ ಸರ್' ಬರೆಯುವಾಗ ಎರಡೂ ದೊಡ್ಡದು.