ನಾಯಡ್ ಮತ್ತು ಥಲಸ್ಸಾ ಡಿಕ್ಕಿ ಹೊಡೆಯಲ್ವಾ?

ಪ್ರಶ್ನೆ: ನೆಪ್ಚೂನ್‌ಗೆ ತೀರಾ ಹತ್ತಿರದ ಚಂದ್ರ ನಾಯಡ್. 7 ಗಂಟೆಗೆ ಒಂದು ಸುತ್ತು! ಪಕ್ಕದ ಚಂದ್ರ ಥಲಸ್ಸಾದ ಕಕ್ಷೆ ಬರೀ 1,850 ಕಿ.ಮೀ. ಆಚೆ. ಇವು ಡಿಕ್ಕಿ ಹೊಡೆಯಲ್ವಾ?

ಉತ್ತರ 1: ಇಲ್ಲ. ನಾಯಡ್ ಕಕ್ಷೆ ಸುಮಾರು 5 ಡಿಗ್ರಿ ಓರೆ. ಥಲಸ್ಸಾವನ್ನು ಹಿಂದೆ ಹಾಕುವಾಗ ಎರಡು ಸಲ ಮೇಲಿಂದ ಹೋಗುತ್ತದೆ, ಆಮೇಲೆ ಎರಡು ಸಲ ಕೆಳಗಿಂದ. ಆಗಲೂ ನಡುವೆ ಸುಮಾರು 3,500 ಕಿ.ಮೀ. ಇರುತ್ತದೆ. 2019ರಲ್ಲಿ ಗೊತ್ತಾಗಿದ್ದು.

ಉತ್ತರ 2: ನನಗೆ ನಾಯಡ್‌ನ ಕಣ್ಣಾಮುಚ್ಚಾಲೆಯೇ ಜಾಸ್ತಿ ಇಷ್ಟ. 1989ರಲ್ಲಿ ವಾಯೇಜರ್ 2 ನೌಕೆಗೆ ಕಂಡು ಮಾಯವಾಯಿತು. 2013ರಲ್ಲಿ ಹಬಲ್ ದೂರದರ್ಶಕದ ಹಳೇ ಚಿತ್ರಗಳಲ್ಲಿ ಮತ್ತೆ ಸಿಕ್ಕಿತು!

ಪ್ರಶ್ನೆ ಕೇಳಿದವರು: ಕೊನೆಗೆ ನೆಪ್ಚೂನ್ ಮೇಲೆ ಬೀಳುತ್ತಾ?

ಉತ್ತರ 1: ನೆಪ್ಚೂನ್ ಒಮ್ಮೆ ತಿರುಗಲು 16 ಗಂಟೆ ಬೇಕು. ನಾಯಡ್ ಅದಕ್ಕಿಂತ ವೇಗ. ಅದರ ಸೆಳೆತಕ್ಕೆ ನೆಪ್ಚೂನ್‌ನಲ್ಲಿ ಏಳುವ ಉಬ್ಬು ಹಿಂದೆ ಉಳಿದು ಅದನ್ನು ಹಿಂದಕ್ಕೆ ಎಳೆಯುತ್ತದೆ, ಹಾಗಾಗಿ ನಿಧಾನಕ್ಕೆ ಒಳಗೆ ಜಾರುತ್ತಿದೆ. ಬೀಳಬಹುದು, ಇಲ್ಲಾ ಪುಡಿಯಾಗಿ ಉಂಗುರವಾಗಬಹುದು.