ಕಚೇರಿಯ ಲ್ಯಾಪ್‌ಟಾಪಿನಲ್ಲಿ ಗಿಟ್, ಪಿಪ್ ಎರಡೂ ನಿಂತಿವೆ: ಹಾಟ್‌ಸ್ಪಾಟ್ ಬಳಸಬಹುದೇ?

ಪ್ರಶ್ನೆ:
ಪುಣೆಯ ಹಿಂಜವಡಿಯ ಕಂಪನಿಯೊಂದಕ್ಕೆ ಹೊಸದಾಗಿ ಸೇರಿದ್ದೇನೆ. ಕಂಪನಿ ಕೊಟ್ಟ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಗಿಟ್ ಎಂಬ ಕೋಡ್ ನಿರ್ವಹಣಾ ಸಾಧನದಿಂದ ಗಿಟ್‌ಹಬ್ ತಾಣದ ಕೋಡ್ ಇಳಿಸಿಕೊಳ್ಳಲು ಹೋದರೆ ಸರ್ಟಿಫಿಕೇಟ್ ದೋಷ ಬರುತ್ತದೆ, ಪೈಥಾನ್ ಪ್ಯಾಕೇಜುಗಳನ್ನು ಇಳಿಸುವ ಪಿಪ್ ಕೂಡ ಹಾಗೆಯೇ ನಿಲ್ಲುತ್ತದೆ. ಅದೇ ತಾಣಗಳು ಬ್ರೌಸರಿನಲ್ಲಿ ಸಲೀಸಾಗಿ ತೆರೆಯುತ್ತವೆ. ಎಸ್‌ಎಸ್‌ಎಲ್ (ಸರ್ಟಿಫಿಕೇಟ್) ಪರಿಶೀಲನೆಯನ್ನು ಆಫ್ ಮಾಡಿ, ಇಲ್ಲವೇ ಮೊಬೈಲ್ ಹಾಟ್‌ಸ್ಪಾಟ್ ಬಳಸಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಸಹಿ ಹಾಕಿರುವ ಐಟಿ ನೀತಿಯಲ್ಲಿ ಎರಡಕ್ಕೂ ಅನುಮತಿಯಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1:
ಹಾಟ್‌ಸ್ಪಾಟಿನಲ್ಲಿ ಇಳಿಸಿಕೊಂಡು ಮತ್ತೆ ಕಚೇರಿಯ ವೈಫೈಗೆ ಬನ್ನಿ. ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಕೇಳುವುದಿಲ್ಲ.

ಉತ್ತರ 2:
ಮೇಲಿನ ಸಲಹೆಯನ್ನು ಒಪ್ಪಲಾರೆ. ಬ್ರೌಸರಿನಲ್ಲಿ ತೆರೆಯುತ್ತದೆ ಎಂದರೆ ತಾಣವನ್ನು ಬಹುಶಃ ಯಾರೂ ತಡೆದೇ ಇಲ್ಲ. ಕಂಪನಿಯ ಪ್ರಾಕ್ಸಿಯು (ಇಂಟರ್ನೆಟ್ ಸಂಚಾರ ಹಾದುಹೋಗುವ ಮಧ್ಯವರ್ತಿ ಸರ್ವರ್) ಎನ್‌ಕ್ರಿಪ್ಟ್ ಆದ ಸಂಚಾರವನ್ನು ನಡುವೆ ಬಿಡಿಸಿ ನೋಡಿ, ತನ್ನದೇ ಸರ್ಟಿಫಿಕೇಟಿನೊಂದಿಗೆ ನಿಮಗೆ ತಲುಪಿಸುತ್ತಿರಬೇಕು. ಅದರ ರೂಟ್ ಸರ್ಟಿಫಿಕೇಟನ್ನು (ನಂಬಿಕೆಗೆ ಬುಡವಾದ ಸರ್ಟಿಫಿಕೇಟ್) ಐಟಿಯವರು ವಿಂಡೋಸಿನಲ್ಲಿ ಸೇರಿಸಿರುವುದರಿಂದ ಕ್ರೋಮ್ ನಂಬುತ್ತದೆ. ನಂಬಬಹುದಾದ ಸರ್ಟಿಫಿಕೇಟುಗಳ ತಮ್ಮದೇ ಪಟ್ಟಿಯನ್ನು ನೋಡುವ ಗಿಟ್ ಮತ್ತು ಪಿಪ್ ನಂಬುವುದಿಲ್ಲ.

ಗಿಟ್‌ನ ಎಸ್‌ಎಸ್‌ಎಲ್ ಬ್ಯಾಕೆಂಡನ್ನು ವಿಂಡೋಸಿನದೇ ಆದ ಎಸ್‌ಚಾನೆಲ್‌ಗೆ ಬದಲಿಸಿದರೆ ಅದೂ ವಿಂಡೋಸಿನ ಪಟ್ಟಿಯನ್ನೇ ಬಳಸುತ್ತದೆ. ಪೈಥಾನ್ 3.10 ಅಥವಾ ನಂತರದ್ದಾಗಿದ್ದರೆ, ಪಿಪ್ 24.2ರಿಂದ ಈ ನಡವಳಿಕೆ ತಾನಾಗಿಯೇ ಬರುತ್ತದೆ. ನಿಂತಿರುವ ಪಿಪ್ಪನ್ನು ಅಪ್‌ಡೇಟ್ ಮಾಡುವುದು ಹೇಗೆಂದರೆ, ಐಟಿಯವರಿಂದ ರೂಟ್ ಸರ್ಟಿಫಿಕೇಟಿನ ಫೈಲನ್ನು ಪಡೆದು, ಪಿಪ್‌ನ ಸರ್ಟ್ (--cert) ಆಯ್ಕೆಯಲ್ಲಿ ಅದರ ಪಾಥ್ ಕೊಟ್ಟು ಒಮ್ಮೆ ಅಪ್‌ಡೇಟ್ ಮಾಡಿ.

ಪರಿಶೀಲನೆಯನ್ನು ಆಫ್ ಮಾಡಿದರೆ ಆ ಸೆಟ್ಟಿಂಗ್ ಲ್ಯಾಪ್‌ಟಾಪಿನೊಂದಿಗೆ ಲೋಹೆಗಾಂವ್ ವಿಮಾನ ನಿಲ್ದಾಣದ ವೈಫೈಗೂ ಬರುತ್ತದೆ, ಅಲ್ಲಿ ನಿಮ್ಮ ಲಾಗಿನ್ ಟೋಕನ್ನನ್ನು ಕಾಪಾಡುವವರು ಯಾರೂ ಇರುವುದಿಲ್ಲ. ಹಾಟ್‌ಸ್ಪಾಟಿನ ತೊಂದರೆ ಬೇರೆ. ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಇಟ್ಟುಕೊಳ್ಳಬೇಕು, ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ನಿಮ್ಮ ಹಾಟ್‌ಸ್ಪಾಟಿನ ಮೂಲಕ ಹೋದದ್ದು ಕಂಪನಿಯ ಪ್ರಾಕ್ಸಿ ಲಾಗಿನಲ್ಲಿ ಇರುವುದಿಲ್ಲ. ನಾಳೆ ಏನಾದರೂ ಸೋರಿದರೆ ಉತ್ತರ ಹೇಳಬೇಕಾದವರು ನೀವೇ.

ಐಟಿಯವರಿಗೆ ಟಿಕೆಟ್ (ಸಹಾಯದ ಕೋರಿಕೆ) ಹಾಕುವಾಗ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಬರೆಯಬೇಡಿ. ಅಂಥವು ವಾರಗಟ್ಟಲೆ ಕೊಳೆಯುತ್ತವೆ. ಯಾವ ತಾಣ, ಯಾವ ಪೋರ್ಟ್, ಯಾವ ಪ್ರಾಜೆಕ್ಟಿಗೆ ಎಂಬುದನ್ನು ದೋಷದ ಸಂದೇಶದೊಂದಿಗೆ ಬರೆದು, ಮ್ಯಾನೇಜರರನ್ನು ಸಿಸಿಯಲ್ಲಿ ಇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಎಸ್‌ಚಾನೆಲ್‌ಗೆ ಬದಲಿಸಿದ ಕೂಡಲೇ ಗಿಟ್ ಸರಿಹೋಯಿತು. ಫೈಲಿಗಾಗಿ ಟಿಕೆಟ್ ಹಾಕಿದ್ದೇನೆ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸುವ ಎನ್‌ಪಿಎಂನಲ್ಲೂ ಇದೇ ದೋಷವಿದೆ.

ಉತ್ತರ 2:
ಅದಕ್ಕೂ ಅದೇ ಫೈಲು ಸಾಕು. ಎನ್‌ಪಿಎಂ ಅನ್ನು ನಡೆಸುವ ನೋಡ್‌ಗೆ ಹೆಚ್ಚುವರಿ ಸಿಎ (ಸರ್ಟಿಫಿಕೇಟ್ ನೀಡುವ ಪ್ರಾಧಿಕಾರ) ಸರ್ಟಿಫಿಕೇಟನ್ನು ತೋರಿಸುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದಿದೆ. ಅದರಲ್ಲಿ ಫೈಲಿನ ಪಾಥ್ ಕೊಟ್ಟು, ಹೊಸ ಟರ್ಮಿನಲ್ ತೆರೆದು ಪ್ರಯತ್ನಿಸಿ. ಫೈಲನ್ನು ಪೆಮ್ (PEM, ಪಠ್ಯರೂಪದ) ಮಾದರಿಯಲ್ಲೇ ಕೇಳಿ ಪಡೆಯಿರಿ.